ಎರಡು ವರ್ಷದ ವಾರಂಟಿ, ಎರಡು ಮಳೆಗಾಲ: ನಮ್ಮ ಟ್ರಾವೆಲ್ ಟ್ರೇಲರ್ ಮತ್ತು ಅದರ ರಿಪೇರಿ ಸೇವೆ

ಕಾರಿನ ಹಿಂಬದಿಯ ಕೊಂಡಿಗೆ ಸಿಕ್ಕಿಸಿ ಎಳೆದೊಯ್ಯುವ, ಇಬ್ಬರು ಮಲಗಲು ಹಾಸಿಗೆ, ಪುಟ್ಟ ಅಡುಗೆ ಕಟ್ಟೆ, ಫ್ರಿಜ್ ಮತ್ತು ಶೌಚಾಲಯವಿರುವ ಟ್ರಾವೆಲ್ ಟ್ರೇಲರೊಂದನ್ನು ನಾನೂ ನನ್ನ ಪತ್ನಿಯೂ 2024ರ ಜನವರಿಯಲ್ಲಿ 9 ಲಕ್ಷ 40 ಸಾವಿರ ರೂಪಾಯಿ ಕೊಟ್ಟು ಕೊಂಡೆವು. ಚಿಕ್ಕಮಗಳೂರು ಜಿಲ್ಲೆಯ ಆಲ್ದೂರಿನ ಸಮೀಪ ನಮ್ಮದೊಂದು ಸಣ್ಣ ಕಾಫಿ ತೋಟವಿದೆ. ಕೊಯ್ಲು ಮುಗಿದ ಮೇಲೆ ಒಂದೆರಡು ತಿಂಗಳು ಊರೂರು ಸುತ್ತಬೇಕೆಂಬುದು ನಮ್ಮ ಬಹುದಿನದ ಆಸೆಯಾಗಿತ್ತು. ಆದರೆ ಪತ್ನಿಗೆ ಮಂಡಿನೋವಿರುವುದರಿಂದ ಹೋದ ಹೋದ ಊರಿನಲ್ಲಿ ಮೆಟ್ಟಿಲಿಲ್ಲದ ಕೋಣೆ, ಕೂರಲು ಅನುಕೂಲವಾದ ಶೌಚಾಲಯ ಹುಡುಕುವುದೇ ಕಷ್ಟವಾಗುತ್ತಿತ್ತು. ಮನೆಯನ್ನೇ ಜೊತೆಗೆ ಕೊಂಡೊಯ್ದರೆ ಆ ಚಿಂತೆಯಿರುವುದಿಲ್ಲ ಎಂದು ಈ ಟ್ರೇಲರ್ ಕೊಂಡದ್ದು.

ಟ್ರೇಲರಿನ ಅಂದಚೆಂದವನ್ನು ಕುರಿತು ಇಲ್ಲಿ ಹೆಚ್ಚು ಬರೆಯುವುದಿಲ್ಲ. ಹಾಸಿಗೆ ಚೆನ್ನಾಗಿದೆ, ಅಡುಗೆ ಕಟ್ಟೆ ಸಾಕಷ್ಟಿದೆ, ನಮ್ಮ ಡೀಸೆಲ್ ಕಾರು ಅದನ್ನು ಘಾಟಿಯಲ್ಲೂ ಎಳೆಯುತ್ತದೆ. ನಾನು ಬರೆಯಬೇಕೆಂದುಕೊಂಡಿರುವುದು ತಯಾರಕರು ಕೊಟ್ಟ ವಾರಂಟಿ ಮತ್ತು ಡೀಲರ್ ಮಾಡಿಕೊಟ್ಟ ರಿಪೇರಿಯ ಬಗ್ಗೆ. ಚಿಕ್ಕಮಗಳೂರು, ಮೂಡಿಗೆರೆ, ಸಕಲೇಶಪುರದ ಕಡೆ ಇಂಥ ಟ್ರೇಲರ್ ಕೊಳ್ಳಲು ಯೋಚಿಸುತ್ತಿರುವ ಕೆಲವರು ನಮ್ಮ ತೋಟಕ್ಕೇ ಬಂದು ನೋಡಿಕೊಂಡು ಹೋಗಿದ್ದಾರೆ. ಅವರೆಲ್ಲರೂ ಬೆಲೆ ಕೇಳಿದರು, ಮೈಲೇಜ್ ಕೇಳಿದರು. ಕೆಟ್ಟರೆ ಯಾರು, ಎಲ್ಲಿ ಸರಿಮಾಡುತ್ತಾರೆ ಎಂದು ಒಬ್ಬರೂ ಕೇಳಲಿಲ್ಲ. ಕೊಳ್ಳುವಾಗ ನಾನೂ ಕೇಳಿರಲಿಲ್ಲ. ತಯಾರಕರು ಹೊರರಾಜ್ಯದವರು, ಡೀಲರ್ ಬೆಂಗಳೂರಿನವರು. ಇಬ್ಬರ ಹೆಸರನ್ನೂ ಇಲ್ಲಿ ಹೇಳುವುದಿಲ್ಲ.

ಕೊಳ್ಳುವ ದಿನ ನಮಗೆ ಹೇಳಿದ್ದು ‘ಎರಡು ವರ್ಷ ವಾರಂಟಿ’ ಎಂಬ ಒಂದೇ ಮಾತು. ಮನೆಗೆ ಬಂದು ಕಾಗದಗಳನ್ನು ಹರಡಿಕೊಂಡು ಓದಿದಾಗ ತಿಳಿದದ್ದೇನೆಂದರೆ, ಆ ಎರಡು ವರ್ಷ ಹೊರಮೈ ಮತ್ತು ಚಾಸಿಗೆ, ಅಂದರೆ ಚಕ್ರಗಳ ಮೇಲೆ ಕೂರುವ ಅಡಿಚೌಕಟ್ಟಿಗೆ, ಮಾತ್ರ ಅನ್ವಯಿಸುತ್ತದೆ. ಫ್ರಿಜ್‌ಗೆ ಅದರ ಕಂಪನಿಯ ಒಂದು ವರ್ಷ, ಬ್ಯಾಟರಿಗೆ ಬ್ಯಾಟರಿ ಕಂಪನಿಯದು, ಟೈರಿಗೆ ಟೈರ್ ಕಂಪನಿಯದು, ಇನ್ವರ್ಟರ್ ಮತ್ತು ನೀರಿನ ಪಂಪಿಗೆ ಇನ್ನಿಬ್ಬರದು. ಟ್ರೇಲರ್ ಕಟ್ಟುವವರು ಚಾಸಿ, ಗೋಡೆ, ಮಾಡು ಮಾಡಿ ಉಳಿದ ಸಾಮಾನುಗಳನ್ನು ಬೇರೆಯವರಿಂದ ತಂದು ಜೋಡಿಸುತ್ತಾರೆ. ಜಗತ್ತಿನ ಎಲ್ಲೆಡೆ ಈ ಉದ್ಯಮ ನಡೆಯುವುದು ಹೀಗೆಯೇ. ಅದರಲ್ಲಿ ತಪ್ಪೇನಿಲ್ಲ. ತಪ್ಪಿರುವುದು ಆ ಕಾರ್ಡುಗಳನ್ನು ನಮ್ಮ ಕೈಗೆ ಕೊಟ್ಟ ರೀತಿಯಲ್ಲಿ. ಫ್ರಿಜ್ಜಿನ ಕಾರ್ಡಿನಲ್ಲಿ ಡೀಲರಿನ ಮೊಹರೂ ಇರಲಿಲ್ಲ, ತಾರೀಕೂ ಇರಲಿಲ್ಲ. ಬ್ಯಾಟರಿಯ ವಾರಂಟಿ ನಾವು ಕೊಂಡ ದಿನದಿಂದ ಶುರುವಾಗದೆ, ತಯಾರಕರು ಅದನ್ನು ಖರೀದಿಸಿದ ಬಿಲ್ಲಿನ ದಿನದಿಂದಲೇ ಶುರುವಾಗಿ ಆಗಲೇ ಏಳು ತಿಂಗಳು ಕಳೆದುಹೋಗಿತ್ತು.

ಟೈರಿನ ಕಥೆಯೂ ಅದೇ. ಟೈರಿನ ಪಕ್ಕದಲ್ಲಿ ಅಂಡಾಕಾರದ ಗೆರೆಯೊಳಗೆ ನಾಲ್ಕು ಅಂಕಿಗಳಿರುತ್ತವೆ. ಮೊದಲ ಎರಡು ವಾರವನ್ನೂ ಕೊನೆಯ ಎರಡು ವರ್ಷವನ್ನೂ ಸೂಚಿಸುತ್ತವೆ. ನಮ್ಮ ಹೊಚ್ಚ ಹೊಸ ಟ್ರೇಲರಿನ ಎರಡೂ ಟೈರುಗಳ ಮೇಲೆ 1422 ಎಂದಿತ್ತು. ಅಂದರೆ 2022ರ ಹದಿನಾಲ್ಕನೆಯ ವಾರದಲ್ಲಿ, ನಾವು ಕೊಳ್ಳುವುದಕ್ಕೆ ಇಪ್ಪತ್ತೊಂದು ತಿಂಗಳು ಮೊದಲೇ, ತಯಾರಾದ ಟೈರುಗಳು. ಟ್ರೇಲರಿನ ಟೈರ್ ಸವೆದು ಹಾಳಾಗುವುದಕ್ಕಿಂತ, ನಿಂತಲ್ಲೇ ನಿಂತು ಬಿಸಿಲಿಗೆ ಬಿರುಕು ಬಿಟ್ಟು ಹಾಳಾಗುವುದೇ ಹೆಚ್ಚು. ಆದ್ದರಿಂದ ಅದರ ವಯಸ್ಸು ಸಣ್ಣ ವಿಷಯವಲ್ಲ. ಡೀಲರಿಗೆ ಫೋನ್ ಮಾಡಿ ಹೇಳಿದೆ. ‘ಟೈರ್ ನಮ್ಮ ವಾರಂಟಿಗೆ ಬರುವುದಿಲ್ಲ ಸಾರ್, ಟೈರ್ ಕಂಪನಿಯವರನ್ನು ಕೇಳಿ’ ಎಂದರು. ಅಲ್ಲಿಂದ ಮುಂದೆ ಈ ಮಾತನ್ನು ಬೇರೆ ಬೇರೆ ಸಾಮಾನಿನ ಹೆಸರಿನೊಂದಿಗೆ ಎಷ್ಟು ಸಲ ಕೇಳಿದೆನೋ ಲೆಕ್ಕವಿಲ್ಲ.

ನಿಜವಾದ ಪರೀಕ್ಷೆ ಬಂದದ್ದು 2024ರ ಜುಲೈನಲ್ಲಿ, ಪುನರ್ವಸು ಮಳೆಯಲ್ಲಿ. ಆ ವರ್ಷ ಮಲೆನಾಡಿನಲ್ಲಿ ಮಳೆ ಹೇಗೆ ಹೊಡೆಯಿತೆಂಬುದು ಇಲ್ಲಿಯವರಿಗೆ ನೆನಪಿದ್ದೇ ಇದೆ. ಟ್ರೇಲರನ್ನು ಕಣದ ಪಕ್ಕ ನಿಲ್ಲಿಸಿದ್ದೆವು. ನಾಲ್ಕು ದಿನ ಬಾಗಿಲು ತೆರೆದಿರಲಿಲ್ಲ. ಐದನೆಯ ದಿನ ತೆರೆದಾಗ ಹಸಿ ಗೋಣಿಚೀಲದ ವಾಸನೆ ಮೂಗಿಗೆ ಬಡಿಯಿತು. ಹಾಸಿಗೆ ಎತ್ತಿ ನೋಡಿದರೆ ಮುಂಭಾಗದ ಎಡಮೂಲೆಯಲ್ಲಿ ಪ್ಲೈವುಡ್ ಕಪ್ಪಿಟ್ಟಿತ್ತು. ಹೆಬ್ಬೆರಳಿನಿಂದ ಒತ್ತಿದೆ, ಬೆರಳು ಒಂದು ಕಾಳಿನಷ್ಟು ಒಳಗೆ ಹೋಯಿತು, ತೆಗೆದ ಮೇಲೂ ಗುಳಿ ಹಾಗೆಯೇ ಉಳಿಯಿತು. ಗೋಡೆಯ ಒಳಹೊದಿಕೆಯ ಕೆಳ ಅಂಚಿನಲ್ಲಿ ಕಾಗದದ ಚೂರಿಟ್ಟರೆ ಅದು ಎರಡು ನಿಮಿಷದಲ್ಲಿ ನೆನೆಯುತ್ತಿತ್ತು. ಮಾಡಿನಲ್ಲಿ ಎಲ್ಲೂ ತೊಟ್ಟಿಕ್ಕುವ ಗುರುತಿರಲಿಲ್ಲ. ಟ್ರೇಲರಿನೊಳಗೆ ನೀರು ಹೊಕ್ಕ ಜಾಗ ಒಂದು, ಕಾಣಿಸಿಕೊಳ್ಳುವ ಜಾಗ ಇನ್ನೊಂದು. ಎರಡು ಪದರಗಳ ನಡುವೆ ಇಳಿದ ನೀರು ಚೌಕಟ್ಟನ್ನು ಹಿಡಿದು ಹರಿದು, ತಗ್ಗಿದ್ದ ಕಡೆ ಹೊರಬರುತ್ತದೆ. ಆರು ತಿಂಗಳ ಹಿಂದೆ ತಂದ ವಸ್ತುವಿನ ಆ ಮೂಲೆಯನ್ನು ನೋಡಿ ನನ್ನ ಪತ್ನಿ ಮಾತನಾಡದೆ ಮನೆಯೊಳಗೆ ಹೋದರು.

ಡೀಲರಿಗೆ ಫೋಟೊ, ವಿಡಿಯೊ ಕಳಿಸಿದೆ. ಉತ್ತರ ಅದೇ ದಿನ ಬಂತು, ಮರ್ಯಾದೆಯಿಂದಲೇ ಬಂತು. ಆ ಮಟ್ಟಿಗೆ ಅವರ ಬಗ್ಗೆ ದೂರಿಲ್ಲ. ಆದರೆ ಟ್ರೇಲರನ್ನು ಬೆಂಗಳೂರಿಗೆ ತರಬೇಕು ಎಂದರು. ವಾರಂಟಿಯ ಕಾಗದದಲ್ಲಿ ‘ಅಧಿಕೃತ ಸೇವಾ ಕೇಂದ್ರಕ್ಕೆ ಒಯ್ಯುವ ವೆಚ್ಚ ಗ್ರಾಹಕರದು’ ಎಂಬ ಸಾಲು ಇರುವುದು ಆಗಷ್ಟೇ ಕಣ್ಣಿಗೆ ಬಿತ್ತು. ನಮ್ಮ ತೋಟದಿಂದ ಹೋಗಿಬರಲು ಐನೂರು ಕಿಲೋಮೀಟರಿಗೂ ಹೆಚ್ಚು. ಬಿಡಲು ಒಂದು ಸಲ, ತರಲು ಇನ್ನೊಂದು ಸಲ. ಡೀಸೆಲ್, ಟೋಲ್ ಸೇರಿ ಉಚಿತ ರಿಪೇರಿಗೆ ಸುಮಾರು 11,000 ರೂಪಾಯಿ ಖರ್ಚಾಯಿತು. ಮಳೆಯಲ್ಲಿ, ಒದ್ದೆಯಾದ ಮುಂಗೋಡೆಯ ಟ್ರೇಲರನ್ನು ಎಳೆದುಕೊಂಡು ಹಾಸನದ ಮೇಲೆ ಹೆದ್ದಾರಿ ಹಿಡಿದು ಹೋದ ಆ ದಿನ ದಾರಿಯುದ್ದಕ್ಕೂ ನನ್ನ ಕಣ್ಣು ಹಿಂಬದಿಯ ಕನ್ನಡಿಯ ಮೇಲೆಯೇ ಇತ್ತು.

ಅಲ್ಲಿ ಟ್ರೇಲರ್ 41 ದಿನ ನಿಂತಿತು. ಕೆಲಸ ನಡೆದದ್ದು ಎರಡು ದಿನ ಎಂದು ಆಮೇಲೆ ಕೆಲಸದ ವಿವರ ಬರೆದಿಡುವ ಜಾಬ್ ಕಾರ್ಡಿನಿಂದ ತಿಳಿಯಿತು. ಉಳಿದ ದಿನಗಳು ತಯಾರಕರ ಒಪ್ಪಿಗೆಗಾಗಿ ಕಾಯುವುದರಲ್ಲಿ ಕಳೆದವು, ಏಕೆಂದರೆ ವಾರಂಟಿಯ ಕೆಲಸಕ್ಕೆ ಡೀಲರ್ ಮೊದಲು ಫೋಟೊ ಮತ್ತು ಅಂದಾಜು ಪಟ್ಟಿ ಕಳಿಸಿ, ತಯಾರಕರು ಒಪ್ಪಿದ ಮೇಲಷ್ಟೇ ಕೈ ಹಚ್ಚಬೇಕು. ಒಪ್ಪದ ಕೆಲಸಕ್ಕೆ ಡೀಲರಿಗೆ ಹಣ ಬರುವುದಿಲ್ಲ. ಅಲ್ಲಿನ ಮೆಕ್ಯಾನಿಕ್ ಒಳ್ಳೆಯ ಹುಡುಗ. ‘ಒಳಗಿನ ಹಲಗೆ ಬಿಚ್ಚಿ ನೋಡಬೇಕಿತ್ತು ಸಾರ್, ಆದರೆ ಮೇಲಿನಿಂದ ಸೀಲ್ ಮಾಡುವುದಕ್ಕೆ ಮಾತ್ರ ಒಪ್ಪಿಗೆ ಬಂದಿದೆ’ ಎಂದು ಅವನೇ ಮೆಲ್ಲಗೆ ಹೇಳಿದ. ಸಂದುಗಳನ್ನು ಮುಚ್ಚುವ ಹಳೆಯ ಸೀಲಂಟಿನ ಮೇಲೆಯೇ ಬಿಳಿ ಸಿಲಿಕಾನನ್ನು ಗಾರೆಯಂತೆ ಮೆತ್ತಿ ಕೊಟ್ಟಿದ್ದರು. ಅಕ್ಟೋಬರ್‌ನ ಹಿಂಗಾರಿನ ಎರಡನೆಯ ಮಳೆಗೆ ಅದೇ ಮೂಲೆ ಮತ್ತೆ ನೆನೆಯಿತು.

ಈ ಕಾಯುವಿಕೆ ನಮ್ಮ ಡೀಲರ್ ಒಬ್ಬರದೇ ರೋಗವಲ್ಲ ಎಂಬುದನ್ನು ನ್ಯಾಯವಾಗಿ ಹೇಳಬೇಕು. ಅಮೆರಿಕದಲ್ಲಿ ಈ ಉದ್ಯಮದ ತವರೆಂದರೆ ಇಂಡಿಯಾನಾ ರಾಜ್ಯದ ಎಲ್ಕ್‌ಹಾರ್ಟ್ ಸೀಮೆ. ಆ ದೇಶದ ಟ್ರೇಲರುಗಳಲ್ಲಿ ಹೆಚ್ಚಿನ ಪಾಲು ತಯಾರಾಗುವುದು ಅದರ ಸುತ್ತಮುತ್ತಲೇ. ಅಲ್ಲಿಯೂ ಸಾಮಾನ್ಯವಾಗಿ ಒಂದು ವರ್ಷದ ಸೀಮಿತ ವಾರಂಟಿ, ಫ್ರಿಜ್ಜು, ಒಲೆ, ಆಕ್ಸೆಲ್ಲಿಗೆ ಬೇರೆ ಬೇರೆ ಕಂಪನಿಯ ಕಾಗದ, ತಯಾರಕರ ಪೂರ್ವಾನುಮತಿ, ಇವೆಲ್ಲ ಹೀಗೆಯೇ ಇವೆ. ವಾರಂಟಿಯ ಕೆಲಸಕ್ಕೆ ತಯಾರಕರು ಇಂತಿಷ್ಟು ಗಂಟೆ ಎಂದು ತಾವೇ ನಿಗದಿಪಡಿಸಿದ ಲೆಕ್ಕದಲ್ಲಿ ಹಣ ಕೊಡುವುದರಿಂದ, ಕೈಯಿಂದ ದುಡ್ಡು ಕೊಡುವ ಗಿರಾಕಿಯ ಕೆಲಸ ಮುಂದಕ್ಕೂ ವಾರಂಟಿಯ ಕೆಲಸ ಹಿಂದಕ್ಕೂ ಸರಿಯುತ್ತದೆ. ಬೇರೆ ಊರಿನಲ್ಲಿ ಕೊಂಡ ಟ್ರೇಲರನ್ನು ಮುಟ್ಟಲು ಅಲ್ಲಿನ ಎಷ್ಟೋ ಡೀಲರುಗಳು ಹಿಂಜರಿಯುತ್ತಾರೆ. ಆದರೂ ಅಲ್ಲಿನ ಗ್ರಾಹಕರಿಗೆ 1975ರ ಮ್ಯಾಗ್ನಸನ್-ಮಾಸ್ ವಾರಂಟಿ ಕಾಯ್ದೆಯ ಆಸರೆಯಿದೆ: ವಾರಂಟಿ ಪೂರ್ಣವೋ ಸೀಮಿತವೋ ಎಂಬುದನ್ನು ತಯಾರಕರು ಸ್ಪಷ್ಟವಾಗಿ ಬರೆಯಬೇಕು; ಹೊರಗಿನ ಗ್ಯಾರೇಜಿನಲ್ಲಿ ಮಾಮೂಲಿ ಸರ್ವಿಸ್ ಮಾಡಿಸಿದ್ದೊಂದೇ ಕಾರಣಕ್ಕೆ ವಾರಂಟಿ ರದ್ದು ಎನ್ನುವಂತಿಲ್ಲ.

ಈ ಕೊನೆಯ ಅಂಶ ನಮಗೆ ಬಹಳ ಮುಖ್ಯವಾದದ್ದು. ಚಕ್ರದ ಬೇರಿಂಗಿಗೆ ವರ್ಷಕ್ಕೊಮ್ಮೆ ಗ್ರೀಸ್ ಬದಲಿಸಬೇಕೆಂದು ಕೈಪಿಡಿಯೇ ಹೇಳುತ್ತದೆ. ಅಷ್ಟಕ್ಕೆ ಬೆಂಗಳೂರಿಗೆ ಹೋಗುವುದು ಆಗದ ಮಾತು. ಚಿಕ್ಕಮಗಳೂರಿನಲ್ಲಿ ಟ್ರ್ಯಾಕ್ಟರ್ ಟ್ರೇಲರುಗಳ ಕೆಲಸ ಮಾಡುವ ಒಬ್ಬ ಹಿರಿಯ ಮೇಸ್ತ್ರಿಯ ಬಳಿ ಒಯ್ದೆ. ಅವರು ಚಕ್ರದ ನಡುವಿನ ಹಬ್ ಬಿಚ್ಚಿ, ಬೇರಿಂಗನ್ನು ಸೀಮೆಎಣ್ಣೆಯಲ್ಲಿ ತೊಳೆದು, ಬಟ್ಟೆಯಲ್ಲಿ ಒರೆಸಿ, ಕಿವಿಯ ಹತ್ತಿರ ಹಿಡಿದು ತಿರುಗಿಸಿದರು. ಎಡಗಡೆಯದು ಸದ್ದಿಲ್ಲದೆ ತಿರುಗಿತು. ಬಲಗಡೆಯದು ಮರಳು ಕಚ್ಚಿದಂತೆ ಕರಕರ ಎಂದಿತು. ‘ಗ್ರೀಸ್ ಅರ್ಧ ಮಾತ್ರ ತುಂಬಿದ್ದಾರೆ ಅಣ್ಣ, ಇನ್ನೊಂದು ಸಲ ದೂರ ಹೋಗಿದ್ದರೆ ಹಬ್ ಸುಟ್ಟುಹೋಗುತ್ತಿತ್ತು’ ಎಂದರು. ಬೇರಿಂಗ್ ಮತ್ತು ಆಯಿಲ್ ಸೀಲ್ ಹೊಸದಾಗಿ ಹಾಕಿ, ಮಜೂರಿ ಸೇರಿ 1,850 ರೂಪಾಯಿ ತೆಗೆದುಕೊಂಡು, ಹಳೆಯ ಬೇರಿಂಗನ್ನು ಪೊಟ್ಟಣ ಕಟ್ಟಿ ನನ್ನ ಕೈಗೆ ಕೊಟ್ಟರು. ಆ ದಿನ ಬೆಳಿಗ್ಗೆ ಒಯ್ದದ್ದನ್ನು ಮಧ್ಯಾಹ್ನದ ಊಟದ ಹೊತ್ತಿಗೆ ಮನೆಗೆ ತಂದೆ. ಅವರ ಬಿಲ್ಲನ್ನೂ ಹಳೆಯ ಬೇರಿಂಗನ್ನೂ ಜೋಪಾನವಾಗಿಟ್ಟದ್ದು ಆಮೇಲೆ ಉಪಯೋಗಕ್ಕೆ ಬಂತು.

ಎರಡನೆಯ ಸಲ ಸೋರಿದಾಗ ಡೀಲರಿನ ಧಾಟಿ ಬದಲಾಯಿತು. ಸೀಲಂಟ್ ನಿರ್ವಹಣೆಯ ವಸ್ತು, ಅದನ್ನು ಗ್ರಾಹಕರೇ ಆರು ತಿಂಗಳಿಗೊಮ್ಮೆ ಪರೀಕ್ಷಿಸಬೇಕು, ಆದ್ದರಿಂದ ಇದು ವಾರಂಟಿಗೆ ಸೇರುವುದಿಲ್ಲ ಎಂದರು. ಹೊರಗೆ ಬೇರಿಂಗ್ ಬದಲಿಸಿದ್ದರಿಂದ ಚಾಸಿಯ ವಾರಂಟಿಯೂ ಪ್ರಶ್ನಾರ್ಹ ಎಂದು ಸೇರಿಸಿದರು. ಮೊದಲ ಮಾತಿನಲ್ಲಿ ಅರ್ಧ ಸತ್ಯವಿದೆ: ಬಿಸಿಲಿಗೆ ಒಣಗಿ ಬಿರಿಯುವ ಸೀಲಂಟನ್ನು ನೋಡಿಕೊಳ್ಳುವುದು ಮಾಲೀಕರ ಕೆಲಸವೇ ಹೌದು. ಆದರೆ ಆರನೆಯ ತಿಂಗಳಿಗೆ ಮೊದಲ ಮಳೆಯಲ್ಲೇ ನೀರು ಹೊಕ್ಕರೆ ಅದು ನಿರ್ವಹಣೆಯ ಲೋಪವಲ್ಲ, ಕಟ್ಟುವಾಗಿನ ದೋಷ. ಎರಡನೆಯ ಮಾತಿಗಂತೂ ವಾರಂಟಿಯ ಕಾಗದದಲ್ಲಿ ಆಧಾರವೇ ಇರಲಿಲ್ಲ. ನಾನು ತಯಾರಕರಿಗೇ ನೇರವಾಗಿ ನೋಂದಾಯಿತ ಅಂಚೆಯಲ್ಲಿ ಪತ್ರ ಬರೆದೆ. ಬಿಲ್ಲಿನ ದಿನಾಂಕ, ಮೊದಲ ದೂರಿನ ದಿನಾಂಕ, 41 ದಿನದ ಜಾಬ್ ಕಾರ್ಡ್, ಮತ್ತೆ ಸೋರಿದ ದಿನದ ಫೋಟೊ, ಬೇರಿಂಗಿನ ಬಿಲ್ಲು, ಅವರ ವಾರಂಟಿಯದೇ ಮೂರನೆಯ ಕಲಮು, ಎಲ್ಲವನ್ನೂ ಒಂದರ ಕೆಳಗೊಂದು ಜೋಡಿಸಿದೆ. ಕೋಪದ ಒಂದು ಪದವನ್ನೂ ಬರೆಯಲಿಲ್ಲ.

ಹದಿನೈದು ದಿನ ಉತ್ತರವಿಲ್ಲದಿದ್ದಾಗ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟೆ. ಅದು ನ್ಯಾಯಾಲಯವಲ್ಲ, ದೂರನ್ನು ಕಂಪನಿಗೆ ತಲುಪಿಸಿ ಉತ್ತರ ಕೇಳುತ್ತದೆ, ತೀರ್ಪು ಕೊಡುವ ಅಧಿಕಾರ ಅದಕ್ಕಿಲ್ಲ. ಆದರೂ ನಮ್ಮ ವಿಷಯದಲ್ಲಿ ಕದಲಿಕೆ ಬಂದದ್ದು ಅಲ್ಲಿಂದಲೇ. ಅದೂ ಫಲಿಸದಿದ್ದರೆ ಚಿಕ್ಕಮಗಳೂರಿನ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಲು ಕಾಗದ ಸಿದ್ಧಪಡಿಸಿಕೊಂಡಿದ್ದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದೂರುದಾರರು ತಾವು ವಾಸಿಸುವ ಜಿಲ್ಲೆಯಲ್ಲೇ ದೂರು ಸಲ್ಲಿಸಬಹುದು, ಬೆಂಗಳೂರಿಗೋ ಹೊರರಾಜ್ಯಕ್ಕೋ ಅಲೆಯಬೇಕಿಲ್ಲ. ಕೊಟ್ಟ ಬೆಲೆ 50 ಲಕ್ಷ ರೂಪಾಯಿ ದಾಟದಿದ್ದರೆ ಜಿಲ್ಲಾ ಆಯೋಗವೇ ಸಾಕು. 5 ಲಕ್ಷದಿಂದ 10 ಲಕ್ಷದವರೆಗಿನ ವಸ್ತುವಿಗೆ ಶುಲ್ಕ 200 ರೂಪಾಯಿ. ತಕರಾರು ಹುಟ್ಟಿದ ಎರಡು ವರ್ಷದೊಳಗೆ ದೂರು ಕೊಡಬೇಕು. ಹೋಂಸ್ಟೇ ನಡೆಸುವವರು ಇಲ್ಲಿ ಒಂದು ವಿಷಯ ಗಮನಿಸಬೇಕು. ವ್ಯಾಪಾರದ ಉದ್ದೇಶಕ್ಕೆ ಕೊಂಡ ವಸ್ತುವಿಗೆ ಈ ಕಾಯ್ದೆಯಡಿ ಗ್ರಾಹಕರೆನಿಸಿಕೊಳ್ಳುವುದಿಲ್ಲ. ಸ್ವಂತ ದುಡಿಮೆಯಿಂದ ಜೀವನೋಪಾಯಕ್ಕೆಂದೇ ಕೊಂಡಿದ್ದರೆ ಮಾತ್ರ ವಿನಾಯಿತಿಯಿದೆ. ತೋಟದಲ್ಲಿ ಮೂರು ಟ್ರೇಲರ್ ನಿಲ್ಲಿಸಿ ಬಾಡಿಗೆಗೆ ಕೊಡುವ ಯೋಚನೆಯಿರುವವರು ಬಿಲ್ಲನ್ನು ಯಾರ ಹೆಸರಿನಲ್ಲಿ ಮಾಡಿಸಬೇಕು ಎಂಬುದನ್ನು ಕೊಳ್ಳುವ ಮುಂಚೆಯೇ ವಕೀಲರನ್ನು ಕೇಳುವುದು ಒಳ್ಳೆಯದು. ನೋಂದಣಿಯಲ್ಲೂ ಈ ವ್ಯತ್ಯಾಸವಿದೆ: ಖಾಸಗಿ ಬಳಕೆಯ ಕ್ಯಾಂಪರ್ ಟ್ರೇಲರುಗಳು ಸಾರಿಗೆಯೇತರ ವಾಹನಗಳ ಪಟ್ಟಿಯಲ್ಲಿವೆ, ಬಾಡಿಗೆಯದಕ್ಕೆ ಆ ಅನುಕೂಲವಿಲ್ಲ.

2025ರ ಫೆಬ್ರವರಿಯಲ್ಲಿ ತಯಾರಕರು ತಮ್ಮ ತಂತ್ರಜ್ಞರಿಬ್ಬರನ್ನು ನಮ್ಮ ತೋಟಕ್ಕೇ ಕಳಿಸಿದರು. ಅವರ ಕೆಲಸವನ್ನು ಮನಸಾರೆ ಹೊಗಳಬೇಕು. ಮೊದಲು ತೇವಮಾಪಕದ ಎರಡು ಸೂಜಿಗಳನ್ನು ಹಲಗೆಗೆ ಚುಚ್ಚಿದರು. ಕಾಫಿ ಬೀಜದ ತೇವ ಅಳೆಯುವ ನಮಗೆ ಅದು ಹೊಸ ಸಾಧನವೇನಲ್ಲ. ಶೇ. 20 ದಾಟಿದರೆ ನೀರು ಇಳಿದಿದೆಯೆಂದೂ, ಶೇ. 30 ದಾಟಿದರೆ ಹಲಗೆ ಕೆಡುತ್ತಿದೆಯೆಂದೂ ಅವರು ಹೇಳಿದರು. ಒಣಗಿದ ಬಲಮೂಲೆ 12 ತೋರಿಸಿತು; ಎಡಮೂಲೆ, ಫೆಬ್ರವರಿಯ ಬಿಸಿಲಿನಲ್ಲೂ, 34 ತೋರಿಸಿತು. ಆಮೇಲೆ ಕಿಟಕಿ, ಗಾಳಿಗಿಂಡಿಗಳನ್ನೆಲ್ಲ ಟೇಪ್ ಹಚ್ಚಿ ಮುಚ್ಚಿ, ಒಳಗೆ ಬ್ಲೋವರಿನಿಂದ ಗಾಳಿ ತುಂಬಿ, ಹೊರಗಿನ ಸಂದುಗಳಿಗೆಲ್ಲ ಸೋಪಿನ ನೀರು ಸಿಂಪಡಿಸಿದರು. ಪಂಕ್ಚರ್ ಅಂಗಡಿಯಲ್ಲಿ ಟ್ಯೂಬನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸಿ ಗುಳ್ಳೆ ಹುಡುಕುವ ಕ್ರಮವೇ ಇದು. ಗುಳ್ಳೆ ಎದ್ದದ್ದು ಸಿಲಿಕಾನ್ ಮೆತ್ತಿದ್ದ ಕಡೆ ಅಲ್ಲವೇ ಅಲ್ಲ. ಅದಕ್ಕಿಂತ ಎರಡಡಿ ಮೇಲೆ, ಮುಂಗೋಡೆಯ ಅಂಚಿನಲ್ಲಿರುವ ಪುಟ್ಟ ದೀಪದ ಹಿಂದೆ. ದೀಪ ಬಿಚ್ಚಿದಾಗ ವೈರ್ ಹೋಗುವ ತೂತಿನ ಸುತ್ತ ಸೀಲಂಟೇ ಇರಲಿಲ್ಲ. ಕಾರ್ಖಾನೆಯಲ್ಲಿ ಯಾರೋ ಒಬ್ಬರು ಒಂದು ಚಿಟಿಕೆಯಷ್ಟು ಸೀಲಂಟ್ ಹಚ್ಚಲು ಮರೆತದ್ದರ ಫಲವಾಗಿ ಇಡೀ ಮೂಲೆ ಕೊಳೆತಿತ್ತು.

ಮೂರು ದಿನ ಕೆಲಸ ಮಾಡಿದರು. ಮೆತ್ತಿದ್ದ ಸಿಲಿಕಾನನ್ನು ಪ್ಲಾಸ್ಟಿಕ್ ಪಟ್ಟಿಯಿಂದ ಕೆರೆದು ತೆಗೆಯುವುದಕ್ಕೇ ಅರ್ಧ ದಿನ ಹಿಡಿಯಿತು, ಏಕೆಂದರೆ ಸಿಲಿಕಾನಿನ ಜಿಡ್ಡು ಉಳಿದರೆ ಅದರ ಮೇಲೆ ಬೇರೆ ಯಾವ ಸೀಲಂಟೂ ಅಂಟುವುದಿಲ್ಲ. ಕೊಳೆತ ಹಲಗೆಯನ್ನು ಕತ್ತರಿಸಿ, ಚೌಕಟ್ಟನ್ನು ಒಣಗಿಸಿ, ಹೊಸ ಹಲಗೆ ಕೂರಿಸಿ, ಅಂಚಿನ ಅಲ್ಯೂಮಿನಿಯಂ ಪಟ್ಟಿಯಡಿ ನೀರು ತಡೆಯುವ ಬ್ಯೂಟೈಲ್ ಅಂಟುಟೇಪ್ ಹಾಕಿ ಮತ್ತೆ ತಿರುಪು ಬಿಗಿದರು. ಇದೇ ಕೆಲಸ ಹಿಂದಿನ ಆಗಸ್ಟಿನಲ್ಲಿ ನಡೆದಿದ್ದರೆ ಇಷ್ಟು ಹಲಗೆ ಕತ್ತರಿಸಬೇಕಾಗಿರಲಿಲ್ಲ, ಅವರಿಗೂ ಇಷ್ಟು ಖರ್ಚು ಬರುತ್ತಿರಲಿಲ್ಲ. ಹೊಸ ಹಲಗೆಗೆ ಮತ್ತು ಸಂದುಗಳಿಗೆ ಒಂದು ವರ್ಷದ ಪ್ರತ್ಯೇಕ ವಾರಂಟಿಯನ್ನು ಕಂಪನಿಯ ಕಾಗದದ ಮೇಲೆ ಬರೆಸಿಕೊಂಡೆ. ಬೇರಿಂಗಿನ 1,850 ರೂಪಾಯಿಯನ್ನು ಅವರೇ ತುಂಬಿಕೊಟ್ಟರು, ಹೊರಗಿನ ಸರ್ವಿಸಿನಿಂದ ಚಾಸಿಯ ವಾರಂಟಿಗೆ ಬಾಧಕವಿಲ್ಲವೆಂದು ಬರೆದುಕೊಟ್ಟರು. ಸಾಗಾಣಿಕೆಯ 11,000 ಮಾತ್ರ ಕೊಡಲಿಲ್ಲ.

ಹೀಗಾಗಿ ನನ್ನ ಅಭಿಪ್ರಾಯ ಎರಡು ಬಗೆಯದು. ತಯಾರಕರಿಗೆ ಕೆಲಸ ಬರುತ್ತದೆ, ಒಮ್ಮೆ ಒಪ್ಪಿಕೊಂಡ ಮೇಲೆ ಕೈಬಿಡಲಿಲ್ಲ. ಆದರೆ ಒಪ್ಪಿಸುವುದಕ್ಕೆ ಏಳು ತಿಂಗಳು ಬೇಕಾಯಿತು. ಡೀಲರಿನ ರಿಪೇರಿ ಸೇವೆಯನ್ನು ನಾನು ಯಾರಿಗೂ ಶಿಫಾರಸು ಮಾಡಲಾರೆ. ಅವರದು ಮಾರುವ ಅಂಗಡಿ. ರಿಪೇರಿಗೆ ಒಬ್ಬನೇ ಮೆಕ್ಯಾನಿಕ್, ತೇವಮಾಪಕವಿಲ್ಲ, ಬಿಡಿಭಾಗಗಳ ದಾಸ್ತಾನಿಲ್ಲ. ನಾನು ಮತ್ತೊಮ್ಮೆ ಕೊಳ್ಳುವುದಾದರೆ, ಮುಂಗಡ ಕೊಡುವ ಮೊದಲು ರಿಪೇರಿಯ ಶೆಡ್ಡನ್ನು ಹೋಗಿ ನೋಡುತ್ತೇನೆ, ನೀರು ಸೋರಿದರೆ ಮನೆಗೇ ಬಂದು ಸರಿಮಾಡಿಕೊಡುವ ಷರತ್ತನ್ನು ಬಿಲ್ಲಿನಲ್ಲೇ ಬರೆಸುತ್ತೇನೆ, ಪ್ರತಿ ಸಾಮಾನಿನ ಕಾರ್ಡಿಗೂ ನನ್ನೆದುರೇ ಮೊಹರು ಹಾಕಿಸುತ್ತೇನೆ. ಮತ್ತು ಟ್ರೇಲರನ್ನು ಜನವರಿಯಲ್ಲಿ ಕೊಳ್ಳುವುದಿಲ್ಲ. ಮೇ ತಿಂಗಳಲ್ಲಿ ಕೊಂಡರೆ ಮಲೆನಾಡಿನ ಮಳೆಯೇ ಮೊದಲ ತಿಂಗಳಲ್ಲಿ ಅದನ್ನು ಪರೀಕ್ಷಿಸಿಬಿಡುತ್ತದೆ.

2025ರಲ್ಲಿ ಮೇ ತಿಂಗಳಿನಲ್ಲೇ ಮಳೆ ಹಿಡಿದುಕೊಂಡಿತು. ವಾರಕ್ಕೊಮ್ಮೆ ಆ ಎಡಮೂಲೆಯಲ್ಲಿ ಕಾಗದದ ಚೂರಿಟ್ಟು ನೋಡುತ್ತಿದ್ದೆ. ಆಶ್ಲೇಷ ಮಳೆ ಕಳೆಯುವವರೆಗೂ ಅದು ಒಣಗಿಯೇ ಇತ್ತು. ಗಣಪತಿ ಹಬ್ಬ ಮುಗಿದ ಮೇಲೆ ಪತ್ನಿಯೇ ಹಾಸಿಗೆಯನ್ನು ಮತ್ತೆ ಒಳಗೆ ಹಾಸಿ, ಬೇಲೂರಿನವರೆಗೆ ಹೋಗಿ ಒಂದು ರಾತ್ರಿ ತಂಗಿ ಬಂದೆವು. ಬ್ಯಾಟರಿಯ ವಿಷಯ ಇನ್ನೂ ಇತ್ಯರ್ಥವಾಗಿಲ್ಲ: ಕಳೆದುಹೋದ ಏಳು ತಿಂಗಳನ್ನು ಯಾರು ತುಂಬಿಕೊಡಬೇಕೆಂದು ಬ್ಯಾಟರಿ ಕಂಪನಿಯವರು ತಯಾರಕರನ್ನೂ, ತಯಾರಕರು ಡೀಲರನ್ನೂ ತೋರಿಸುತ್ತಿದ್ದಾರೆ. ಎರಡನೆಯ ಪತ್ರವನ್ನು ಕಳೆದ ವಾರ ಅಂಚೆಯಲ್ಲಿ ಕಳಿಸಿದ್ದೇನೆ.